ಮಾರಮ್ಮನ ಮನೆ ಹನ್ನೊಂದು ಮೀಟರ್ ಆಚೆಗಿತ್ತು

ನಗರದ ಕೆರೆ ಕಾಲುವೆಗಳ ಹೊಣೆ ಹೊತ್ತ ಹಿರಿಯ ಅಧಿಕಾರಿಗಳೇ,

ಪ್ರಶ್ನೆ ಇದ್ದರೆ ಲಿಖಿತವಾಗಿ ಕೊಡಿ ಎಂದಿರಿ. ಕೊಡುತ್ತಿದ್ದೇನೆ. ನಿಮ್ಮ ಕಚೇರಿಗೆ ಕೊಟ್ಟ ಕಾಗದಗಳ ಗತಿ ಏನಾಗುತ್ತದೆಂದು ಚೆನ್ನಾಗಿ ಬಲ್ಲವಳಾದ್ದರಿಂದ ಈ ಸಲ ಊರಿನವರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ನನ್ನ ದೂರು ಇಷ್ಟೇ. ನಾನು ಅಳೆದು ಸಹಿ ಮಾಡಿ ಕೊಟ್ಟ ಕಾಲುವೆಯ ನಕ್ಷೆಯನ್ನು ನಿಮ್ಮ ಕಚೇರಿ ಬದಲಾಯಿಸಿತು. ನನ್ನ ಸಹಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. ಆ ಸಹಿಯನ್ನು ತೋರಿಸಿ ಮಾರಮ್ಮ ಎಂಬ ಸೊಪ್ಪು ಮಾರುವ ಹೆಂಗಸಿನ ಮನೆಯನ್ನು ಒಡೆದು ಹಾಕಿತು.

ಕಳೆದ ಶನಿವಾರ ಜಯನಗರದ ಸಭಾಂಗಣವೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೀವು ಉಪನ್ಯಾಸ ನೀಡಿದಿರಿ. ನೆಲ, ಜಲ, ಪರಿಸರ ನಿರ್ವಹಣೆ ಓದಿದವರಿಗೆ ಎಂಥೆಂಥ ಉದ್ಯೋಗಗಳಿವೆ ಎಂಬುದು ವಿಷಯ. "ಈ ದೇಶಕ್ಕೆ ಮಣ್ಣು ನೀರು ಓದಿದವರು ಬೇಕು. ಆದರೆ ಬರೋರು ಎಲ್ಲಿ? ಎಲ್ರಿಗೂ ಎ.ಸಿ. ರೂಮ್ ಬೇಕು. ಬಿಸಿಲಲ್ಲಿ ನಿಂತು ಅಳೆಯೋ ಪ್ಯಾಶನ್ ಯಾರಿಗಿದೆ?" ಎಂದು ಕೇಳಿದಿರಿ. ಸಭೆ ಚಪ್ಪಾಳೆ ತಟ್ಟಿತು. ಸಭಾಂಗಣದ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಕೊನೆಯ ಸಾಲಿನಲ್ಲಿದ್ದ ನಾನು ದುಪಟ್ಟಾವನ್ನು ಕಿವಿಗೆ ಸುತ್ತಿಕೊಂಡಿದ್ದೆ. ಕೈ ಎತ್ತಿದೆ. ಸಮಯವಾಯಿತು, ಬರೆದು ಕಳಿಸಿ ಎಂದು ನಿಮ್ಮ ಪಕ್ಕದಲ್ಲಿದ್ದವರು ಹೇಳಿದರು. ನೀವೂ ತಲೆಯಾಡಿಸಿದಿರಿ. ಬಿಸಿಲಲ್ಲಿ ನಿಂತು ಅಳೆದವಳೊಬ್ಬಳು ಆ ಸಭೆಯಲ್ಲೇ ಕೂತಿದ್ದಳೆಂದು ನಿಮಗೆ ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ, ಸ್ವಾಮಿ?

ನನ್ನ ಹೆಸರು ಬಿಂದುಶ್ರೀ. ಅರೆಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿರುವ ಮನೆತನ ನಮ್ಮದು. ತಾತ ಚಿಕ್ಕಬೈರಪ್ಪ ಹುಣಸೆಕಟ್ಟೆ ಎಂಬ ನಮ್ಮ ಸಣ್ಣ ಕೆರೆಗೆ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ನೀರು ಎಂದು ನೋಡಿಕೊಂಡು ಕೆರೆಯ ತೂಬು ಎತ್ತುವುದು, ಇಳಿಸುವುದು ಅವರ ಕೆಲಸ. ಗದ್ದೆಗಳೆಲ್ಲ ಸೈಟುಗಳಾದ ಮೇಲೆ ಆ ಕೆಲಸ ಉಳಿಯಲಿಲ್ಲ. ಅಪ್ಪ ಕೆಂಪರಾಜು ನಮಗೆ ಉಳಿದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎಬ್ಬಿಸಿ, ಮುಂದೆ ಹಾರ್ಡ್‌ವೇರ್ ಅಂಗಡಿ ಇಟ್ಟು, ಹಿಂದೆ ಮತ್ತು ಮೇಲೆ ಮನೆಗಳನ್ನು ಬಾಡಿಗೆಗೆ ಕೊಟ್ಟರು. ನಾನು ಜಯನಗರದ ಶಾಲೆಗೆ ಹೋಗುವಾಗ ತಾತ ಬಸ್ಸಿನಲ್ಲಿ ಜೊತೆಗೆ ಬರುತ್ತಿದ್ದರು. ಕಿಟಕಿಯಾಚೆ ಬೆರಳು ತೋರಿಸಿ, "ಇಲ್ಲಿ ಇಳಿಜಾರೈತೆ. ದೊಡ್ಡ ಮಳೆ ಬಂದ್ರೆ ನೀರು ಆ ಅಂಗ್ಡಿ ಬಾಗ್ಲಿಗೇ ಬತ್ತದೆ, ನೋಡ್ತಿರು," ಎನ್ನುತ್ತಿದ್ದರು. ಮಳೆ ಬಂದಾಗ ನೀರು ಅಲ್ಲಿಗೇ ಬಂದಿರುತ್ತಿತ್ತು, ಅಂಗಡಿಯವನು ಬಕೆಟ್ಟಿನಲ್ಲಿ ಎತ್ತಿ ಹೊರಗೆ ಚೆಲ್ಲುತ್ತಿರುತ್ತಿದ್ದ. ಓದು ಬರದ ಮನುಷ್ಯನಿಗೆ ಇದು ಹೇಗೆ ತಿಳಿಯುತ್ತದೆ ಎಂಬ ಬೆರಗಿನಿಂದಲೇ ನಾನು ಬಿ.ಎಸ್ಸಿ. ಮುಗಿಸಿ ನೆಲ ಮತ್ತು ಜಲ ನಿರ್ವಹಣೆಯಲ್ಲಿ ಎಂ.ಎಸ್ಸಿ.ಗೆ ಸೇರಿದೆ. "ಮಣ್ಣು ಸಾಕು ಅಂತ ನಾವು ಬಿಟ್ವಿ. ನೀನು ಫೀಸು ಕಟ್ಟಿ ಮಣ್ಣು ಓದ್ತೀನಿ ಅಂತೀಯ," ಎಂದು ಅಪ್ಪ ನಕ್ಕರು. ನಕ್ಕವರೇ, ನನಗೆ ರ‍್ಯಾಂಕ್ ಬಂದ ದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೈಸೂರುಪಾಕು ಹಂಚಿದರು.

ಉದ್ಯೋಗಾವಕಾಶಗಳ ಬಗ್ಗೆ ಹೇಳಿದಿರಲ್ಲ, ನನಗೆ ಸಿಕ್ಕ ಮೊದಲ ಅವಕಾಶದ ಬಗ್ಗೆಯೂ ಕೇಳಿ. ಬನಶಂಕರಿಯ ಒಂದು ಸಲಹಾ ಸಂಸ್ಥೆ. ಬಡಾವಣೆ, ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಪರಿಸರ ವರದಿ ತಯಾರಿಸಿಕೊಡುವುದು ಅದರ ವ್ಯವಹಾರ. ಕನಕಪುರ ರಸ್ತೆಯಾಚೆ ಬರಲಿದ್ದ ಬಡಾವಣೆಯೊಂದರ ವರದಿಯನ್ನು ತಿದ್ದಲು ನನಗೆ ಕೊಟ್ಟರು. ಆ ಜಾಗದಲ್ಲಿ ಕಂಡುಬರುವ ಜೀವಿಗಳ ಪಟ್ಟಿಯಲ್ಲಿ ಕಡಲಾಮೆ ಇತ್ತು. ಸಂಸ್ಥೆಯ ಮಾಲೀಕರ ಬಳಿ ಹೋಗಿ ತೋರಿಸಿದೆ. "ಓ, ಅದು ಮಂಗಳೂರು ಕಡೆ ಪ್ರಾಜೆಕ್ಟಿಂದ ಬಂದಿರ್ಬೇಕು. ಡಿಲೀಟ್ ಮಾಡಿ, ಕಾಗೆ ಹಾಕಿ," ಎಂದರು. ಒಮ್ಮೆ ಜಾಗಕ್ಕೆ ಹೋಗಿ ನೋಡಿ ಬರಲೇ ಎಂದು ಕೇಳಿದೆ. "ಯಾಕೆ ಮೇಡಂ, ಮ್ಯಾಪಲ್ಲೇ ಕಾಣುತ್ತಲ್ಲ," ಎಂದರು. ಆರು ತಿಂಗಳು ಕಾಗೆ, ಗುಬ್ಬಿ, ಬೇವಿನ ಮರ ಎಂದು ಬರೆದು ಬರೆದು ಬಿಟ್ಟುಬಂದೆ. ನಮ್ಮ ತರಗತಿಯಲ್ಲಿ ಹದಿನೆಂಟು ಜನ ಇದ್ದೆವು. ಅಂತರ್ಜಲದ ವಿಷಯದಲ್ಲಿ ನಮಗೆಲ್ಲ ಪಾಠ ಹೇಳಿಕೊಡುತ್ತಿದ್ದ ಆಶ್ರಿತ್ ಈಗ ಬಿ.ಟಿ.ಎಂ. ಲೇಔಟಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಗಣಿತ ಕಲಿಸುತ್ತಾನೆ. ಅವನಿಗೂ ಪ್ಯಾಶನ್ ಇರಲಿಲ್ಲವೇ?

ಹೀಗಿರುವಾಗ ನಿಮ್ಮ ಕಚೇರಿಯ ಪ್ರಕಟಣೆ ಕಂಡೆ. ಹನ್ನೊಂದು ತಿಂಗಳ ಗುತ್ತಿಗೆ, ಕ್ಷೇತ್ರ ತಜ್ಞೆಯ ಹುದ್ದೆ. ಮುಚ್ಚಿಹೋದ ರಾಜಕಾಲುವೆಗಳ ಮೂಲ ಜಾಡು ಪತ್ತೆಹಚ್ಚಬೇಕು. ನನಗಾಗಿಯೇ ಬರೆದಂತಿತ್ತು. ಆಗಸ್ಟಿನಲ್ಲಿ ಸೇರಿದೆ. ಡಿಸೆಂಬರಿನಲ್ಲಿ ನನಗೆ ವಹಿಸಿದ್ದು ಹುಣಸೆಕಟ್ಟೆಗೆ ಮೇಲಿನ ಕೆರೆಯಿಂದ ನೀರು ತರುತ್ತಿದ್ದ ಕಾಲುವೆ. ನಮ್ಮೂರಿನದೇ ಕಾಲುವೆ, ಬೇರೆಯವರಿಗೆ ಕೊಡಿ ಎಂದು ಹೇಳಬೇಕಿತ್ತೇನೋ. ನಾನು ಹೇಳಲಿಲ್ಲ. ಆ ಕೆಲಸವನ್ನು ನನ್ನಷ್ಟು ಚೆನ್ನಾಗಿ ಯಾರೂ ಮಾಡಲಾರರೆಂಬ ಜಂಬ ನನಗಿತ್ತು.

ಮೂರು ತಿಂಗಳು ಮಾಡಿದೆ. ಹಳೆಯ ಗ್ರಾಮ ನಕಾಶೆ ಹಿಡಿದು, ನೆಲದ ಮಟ್ಟ ಅಳೆದು, ಏಳು ಕಡೆ ಗುಂಡಿ ತೆಗೆಸಿದೆ. ನೀರು ಬಹುಕಾಲ ಹರಿದ ಕಡೆ ನೆಲದೊಳಗೆ ನುಣ್ಣನೆಯ ಮರಳಿನ ಪದರವೊಂದು ಸಿಗುತ್ತದೆ. ಮೇಲೆ ಎಷ್ಟೇ ಮಣ್ಣು ಸುರಿದು ಮುಚ್ಚಿದರೂ ಅದು ಹೋಗುವುದಿಲ್ಲ. ಎಂಬತ್ತನಾಲ್ಕು ವರ್ಷದ ತಾತ ಕೋಲು ಊರಿಕೊಂಡು ನನ್ನ ಹಿಂದೆ ಬರುತ್ತಿದ್ದರು. "ಇಲ್ಲಿ ತಿರುಗ್ತದೆ" ಎಂದು ಅವರು ತೋರಿಸಿದ ಕಡೆ ಗುಂಡಿ ತೆಗೆದರೆ ಮರಳು ಸಿಗುತ್ತಿತ್ತು. ಕಾಲುವೆ ಒಂದು ದೊಡ್ಡ ವಸತಿ ಸಮುಚ್ಚಯದ ಕ್ಲಬ್ ಹೌಸಿನ ಅಡಿಯಲ್ಲಿ ಹಾದುಬಂದಿತ್ತು. ಅದರ ಕಾಂಪೌಂಡ್ ದಾಟಿದರೆ ನಮ್ಮದೇ ಕಟ್ಟಡ. ನಮ್ಮ ಹಿಂದಿನ ಗೋಡೆಯ ಹತ್ತಿರ ಬಂದಾಗ ತಾತ ನಿಂತರು.

"ಎಲ್ಲಿ ತಾತ, ಇಲ್ಲಿಂದ ಎಲ್ಲಿಗೆ?" ಎಂದೆ.

ತಾತ ಕೋಲಿನಿಂದ ಗೋಡೆಯ ಬುಡವನ್ನು ಮುಟ್ಟಿದರು. "ಇಲ್ಲೇ ಇತ್ತು. ನಾನೇ ಮುಚ್ಚಿಸ್ದೆ ಕಣವ್ವ. ಗದ್ದೆ ಹೋದ ಮೇಲೆ ಕಾಲ್ವೆ ಯಾರಿಗೆ ಬೇಕು ಅಂತ ಹದಿನಾಲ್ಕು ಲೋಡು ಮಣ್ಣು ಹೊಡೆಸ್ದೆ."

ಎಂಟನೆಯ ಗುಂಡಿ ತೆಗೆಸುವ ಅಗತ್ಯವಿರಲಿಲ್ಲ. ಆದರೂ ತೆಗೆಸಿದೆ. ಮರಳು ಇತ್ತು.

ಅಂದು ಸಂಜೆ ಅಪ್ಪ ಅಂಗಡಿಯಲ್ಲಿ ಪೈಪು ಜೋಡಿಸುತ್ತಿದ್ದರು. ಹೇಳಿದೆ.

"ಎಷ್ಟು ಹೋಗುತ್ತೆ?" ಎಂದು ಕೇಳಿದರು.

"ಹಿಂದಿನ ಎರಡು ಮನೆ, ಅದರ ಮೇಲಿಂದು, ಮೆಟ್ಟಿಲು."

"ಬೇರೆ ಯಾರಾದ್ರೂ ಬರೆದಿದ್ರೆ ಕೋರ್ಟಿಗೆ ಹೋಗ್ತಿದ್ದೆ. ಮಗಳ ಮೇಲೆ ಹೆಂಗೆ ಹೋಗ್ಲಿ?"

"ಬರೀದೇ ಇರ್ಲಾ ಅಪ್ಪ?"

ಅಪ್ಪ ಉಳಿದ ಪೈಪುಗಳನ್ನೂ ಜೋಡಿಸಿ ಮುಗಿಸಿದರು. ಕೊನೆಗೆ, "ಬರಿ. ಆದ್ರೆ ಕೊಡೋ ದಿನ ನನಗೆ ಹೇಳ್ಬೇಡ," ಎಂದರು. ಆಮೇಲೆ ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಟಿ.ವಿ. ಮಾತ್ರ ಮಾತಾಡುತ್ತಿತ್ತು.

ಈಗ ಮಾರಮ್ಮನ ವಿಷಯ. ನಮ್ಮ ಕಟ್ಟಡದ ಹಿಂದೆ ಒಂದು ಸಣ್ಣ ರಸ್ತೆ, ಅದರಾಚೆ ಒಂಬತ್ತು ಮನೆಗಳ ಒಂದು ಓಣಿ. ಸಿಮೆಂಟ್ ಶೀಟಿನ ಮನೆಗಳು. ಎರಡನೆಯದು ಮಾರಮ್ಮನದು. ಗಂಡ ತೀರಿಹೋಗಿ ಇಪ್ಪತ್ತು ವರ್ಷ. ಬೆಳಗಿನ ಜಾವ ಸೊಪ್ಪು ತಂದು, ಜಯನಗರದ ಬೀದಿಗಳಲ್ಲಿ ಮಾರಿ, ಮಧ್ಯಾಹ್ನಕ್ಕೆ ಮನೆ ಸೇರುವರು. ನಾನು ಅವರನ್ನು ಅತ್ತೆ ಎಂದೇ ಕರೆಯುತ್ತ ಬೆಳೆದವಳು. ನಾನು ಬಿಸಿಲಿನಲ್ಲಿ ಉಪಕರಣ ನಿಲ್ಲಿಸಿಕೊಂಡಿರುವಾಗ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟು, "ನಮ್ಮನೆ ಹೋಯ್ತದಾ ಮಗಾ?" ಎಂದು ಪ್ರತಿದಿನ ಕೇಳುತ್ತಿದ್ದರು. ಆ ಓಣಿಗೆ ನಿಮ್ಮ ಕಚೇರಿಯಿಂದ ಆಗಲೇ ಒಂದು ನೋಟಿಸ್ ಬಂದಿತ್ತು. ಮಾರ್ಚ್ ಮೂವತ್ತೊಂದರೊಳಗೆ ಸ್ವಇಚ್ಛೆಯಿಂದ ಬಿಟ್ಟುಕೊಡುವವರಿಗೆ ಊರಾಚೆ ಒಂದು ವಸತಿ ಗೃಹ. ಬಿಡದವರ ಮನೆ ಕಾಲುವೆಯ ಜಾಗದಲ್ಲಿದೆ ಎಂದು ಆಮೇಲೆ ತೀರ್ಮಾನವಾದರೆ ಅವರಿಗೆ ಏನೂ ಇಲ್ಲ. ಎಂಟು ಮನೆಯವರು ಹೆದರಿ ಸಹಿ ಹಾಕಿದರು.

ಮಾರಮ್ಮ ಆ ಕಾಗದ ಹಿಡಿದು ನನ್ನ ಹತ್ತಿರ ಬಂದರು. "ನೀನು ಓದಿರೋಳು. ನೀನೇ ಅಳ್ದೋಳು. ಸೈನ್ ಆಕ್ಲಾ, ಬ್ಯಾಡ್ವಾ?"

ಅಷ್ಟರಲ್ಲಿ ನನ್ನ ನಕ್ಷೆ ಮುಗಿದು, ಸಹಿಯಾಗಿ, ನಿಮ್ಮ ಕಚೇರಿ ಸೇರಿತ್ತು. ಕಾಲುವೆಯ ಅಕ್ಕಪಕ್ಕ ಬಿಡಬೇಕಾದ ಮೀಸಲು ಜಾಗವನ್ನೂ ಸೇರಿಸಿದರೂ ಅವರ ಗೋಡೆ ಹನ್ನೊಂದು ಮೀಟರ್ ಆಚೆಗಿತ್ತು. "ಹಾಕ್ಬೇಡಿ ಅತ್ತೆ. ನಿಮ್ಮ ಮನೆ ಹನ್ನೊಂದು ಮೀಟರ್ ಆಚೆಗಿದೆ," ಎಂದೆ.

"ಹನ್ನೊಂದು ಮೀಟ್ರು ಅಂದ್ರೆ ಎಷ್ಟಾಯ್ತದೆ?"

ಅವರ ಕೈ ಹಿಡಿದು ಕರೆದುಕೊಂಡು ಹೋದೆ. ಮೀಸಲು ಜಾಗದ ಅಂಚು ಬರುವ ಕಡೆ ಇಬ್ಬರೂ ನಿಂತೆವು. ಅಲ್ಲಿಂದ ಅವರ ಗೋಡೆಯವರೆಗೆ ಹೆಜ್ಜೆ ಎಣಿಸುತ್ತಾ ನಡೆದೆವು. ಅವರ ಹೆಜ್ಜೆ ಚಿಕ್ಕದು, ಇಪ್ಪತ್ತೆರಡಾಯಿತು. "ಇಪ್ಪತ್ತೆರಡು ಎಜ್ಜೆ ದೂರ ಐತಾ!" ಎಂದು ಬಾಯಿ ತುಂಬ ನಕ್ಕರು. ಆ ಕಾಗದವನ್ನು ಅಲ್ಲೇ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೂವತ್ತೊಂದನೇ ತಾರೀಖು ಕಳೆದುಹೋಯಿತು. ನಕ್ಷೆಗೆ ಸಹಿ ಹಾಕಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಓದಿದ್ದು ಸಾರ್ಥಕವಾಯಿತು ಎಂದು ನಾನು ಅಂದುಕೊಂಡ ದಿನ ಅದೊಂದೇ.

ಜೂನ್ ತಿಂಗಳ ಎರಡನೆಯ ವಾರ, ಬೆಳಿಗ್ಗೆ ಏಳೂವರೆಗೆ, ಜೆಸಿಬಿಯ ಸದ್ದು ಕೇಳಿ ಹಿಂದಿನ ರಸ್ತೆಗೆ ಓಡಿದೆ. ಖಾಲಿಯಾಗಿದ್ದ ಎಂಟು ಮನೆಗಳಲ್ಲಿ ಮೂರು ಆಗಲೇ ನೆಲಕ್ಕೆ ಬಿದ್ದಿದ್ದವು. ಮಾರಮ್ಮನ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು, ಇನ್ನೂ ಹಸಿ. ಸಾಮಾನು ತೆಗೆಯಲು ಅವರಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದರಂತೆ. ಏನು ತೆಗೆಯಬೇಕೆಂದು ತೋಚದೆ ಅವರು ಗ್ಯಾಸಿನ ರೆಗ್ಯುಲೇಟರನ್ನು ಬಿಚ್ಚಿ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತಿದ್ದರು. ನಾನು ಯಂತ್ರದ ಮುಂದೆ ಹೋಗಿ ನಿಂತೆ. "ಈ ಮನೆ ಕಾಲುವೆಯಲ್ಲಿಲ್ಲ. ನಾನೇ ಅಳೆದಿರೋದು," ಎಂದು ಕೂಗಿದೆ.

ನಿಮ್ಮ ಎಂಜಿನಿಯರ್ ಸಾಹೇಬರು ಬಹಳ ಸೌಮ್ಯವಾಗಿಯೇ ಬಂದರು. ಫೈಲು ಬಿಚ್ಚಿದರು. "ನೋಡಿ ಮೇಡಂ, ನಿಮ್ಮದೇ ರಿಪೋರ್ಟು. ನಿಮ್ಮದೇ ಸೈನು."

ಸಹಿ ನನ್ನದೇ. ನಕ್ಷೆ ನನ್ನದಲ್ಲ. ಕ್ಲಬ್ ಹೌಸಿನ ಹತ್ತಿರ ಬರುತ್ತಿದ್ದಂತೆ ಕಾಲುವೆ ಸೊಟ್ಟಗೆ ತಿರುಗಿ, ಅದನ್ನು ಬಳಸಿಕೊಂಡು, ಪಕ್ಕದಲ್ಲೇ ಇದ್ದ ನಮ್ಮ ಕಟ್ಟಡವನ್ನೂ ಬಳಸಿಕೊಂಡು, ನೇರವಾಗಿ ಆ ಓಣಿಯ ಮೇಲೆ ಹಾದುಹೋಗಿತ್ತು. ಹಾಗೆ ಹರಿಯಬೇಕಾದರೆ ನೀರು ಎರಡು ಅಡಿ ದಿಬ್ಬ ಹತ್ತಬೇಕು. ನಾನು ಅದನ್ನೂ ಹೇಳಿದೆ. ಅವರು ಫೈಲು ಮುಚ್ಚಿ ಪೊಲೀಸರ ಕಡೆ ಕೈ ಮಾಡಿದರು. ಇಬ್ಬರು ಮಹಿಳಾ ಪೊಲೀಸರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. ಮನೆ ಬೀಳಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ.

ದೂಳು ಇಳಿದ ಮೇಲೆ ಮಾರಮ್ಮ ರಸ್ತೆಯಾಚೆ ನಿಂತಿದ್ದ ನಮ್ಮ ಕಟ್ಟಡವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹೇಳಿದ್ದು ಇಷ್ಟೇ: "ನಿಮ್ಮನೆ ಉಳೀತಲ್ಲ ಮಗಾ. ಬಿಡು."

ಮಾನ್ಯರೇ, ನನ್ನ ಎಂ.ಎಸ್ಸಿ. ನಿಮ್ಮ ಕಚೇರಿಗೆ ಯಾಕೆ ಬೇಕಿತ್ತೆಂದು ನನಗೆ ಅರ್ಥವಾದದ್ದು ಆ ಬೆಳಿಗ್ಗೆ. ಗೆರೆ ಎಳೆಯಲು ನಿಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಅರ್ಹತೆಯುಳ್ಳ ತಜ್ಞೆ ಅಳೆದಿದ್ದಾಳೆ ಎಂದು ತೋರಿಸಲು ಒಂದು ಸಹಿ ಬೇಕಿತ್ತು. ಎರಡು ವರ್ಷ ಮಣ್ಣಿನ ಕಣ, ನೀರಿನ ವೇಗ, ಇಳಿಜಾರಿನ ಲೆಕ್ಕ ಓದಿ ನಾನು ಗಳಿಸಿದ ಅರ್ಹತೆ ಆ ಒಂದು ಸಹಿಗಷ್ಟೇ ಸಂದಿತು. ನಕ್ಷೆಯನ್ನು ಬದಲಿಸಿದವರು ಯಾರು, ಯಾರ ಮಾತಿಗೆ ಬದಲಿಸಿದರು ಎಂದು ನಾನು ಇಲ್ಲಿ ಆರೋಪಿಸುವುದಿಲ್ಲ, ನನಗೆ ಗೊತ್ತಿಲ್ಲ. ನಮ್ಮ ಮನೆ ಉಳಿದದ್ದು ಕ್ಲಬ್ ಹೌಸಿನ ಪಕ್ಕದಲ್ಲಿ ಇದ್ದುದರಿಂದ ಎಂಬುದು ನಕ್ಷೆ ನೋಡಿದ ಯಾರಿಗಾದರೂ ತಿಳಿಯುತ್ತದೆ. ಆದರೆ ಆ ಓಣಿಯವರು ನಕ್ಷೆ ನೋಡಿಲ್ಲ. ಅವರು ನೋಡಿದ್ದು, ಅಳೆದವಳ ಮನೆ ನಿಂತಿದೆ, ಮಜ್ಜಿಗೆ ಕೊಟ್ಟವಳ ಮನೆ ಬಿದ್ದಿದೆ ಎಂಬುದನ್ನು. ಅವರ ಜಾಗದಲ್ಲಿ ನೀವಿದ್ದರೆ ಬೇರೆ ಏನನ್ನು ನಂಬುತ್ತಿದ್ದಿರಿ?

ಮರುದಿನ ಕಚೇರಿಗೆ ಬಂದು ಅದೇ ಎಂಜಿನಿಯರ್ ಸಾಹೇಬರನ್ನು ಕೇಳಿದೆ. "ಅದು ಟೆಕ್ನಿಕಲ್ ಕರೆಕ್ಷನ್," ಎಂದರು. ಯಾವ ತಂತ್ರಜ್ಞಾನದಲ್ಲಿ ನೀರು ದಿಬ್ಬ ಹತ್ತುತ್ತದೆ ಎಂದು ಕೇಳಿದ್ದಕ್ಕೆ, "ನೀವು ಕಾಂಟ್ರ್ಯಾಕ್ಟು ಮೇಡಂ, ಟೆನ್ಷನ್ ತಗೋಬೇಡಿ," ಎಂದು ಕಾಫಿ ತರಿಸಿಕೊಟ್ಟರು. ನನ್ನ ಮೂಲ ನಕ್ಷೆಯನ್ನು ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಅದು ಕರಡು ಮಾತ್ರವಾಗಿತ್ತು, ಕಡತದಲ್ಲಿ ಲಭ್ಯವಿಲ್ಲ ಎಂದು ಉತ್ತರ ಬಂತು. ಕಚೇರಿಯ ಲ್ಯಾಪ್‌ಟಾಪನ್ನು ಅಷ್ಟರಲ್ಲಿ ವಾಪಸ್ ಪಡೆದಿದ್ದಿರಿ. ಸ್ವಂತಕ್ಕೆ ಪ್ರತಿ ಇಟ್ಟುಕೊಳ್ಳಬಾರದೆಂಬ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದ ದಡ್ಡಿ ನಾನು. ಜುಲೈಗೆ ಗುತ್ತಿಗೆ ಮುಗಿಯಿತು. ನವೀಕರಿಸಲಿಲ್ಲ.

ಆಗ ತಾತ ತಾವೇ ಹೊರಟರು. ಕಾಲುವೆ ಎಲ್ಲಿತ್ತೆಂದು ಕಣ್ಣಾರೆ ಕಂಡವರು, ಕೈಯಾರೆ ಮುಚ್ಚಿದವರು ಬದುಕಿರುವಾಗ ಕಾಗದ ಯಾಕೆ ಎಂಬುದು ಅವರ ವಾದ. ಬಿಳಿ ಪಂಚೆ ಉಟ್ಟು, ನನ್ನ ಜೊತೆ ನಿಮ್ಮ ಕಚೇರಿಗೆ ಬಂದು, ಗುಮಾಸ್ತರ ಮುಂದೆ ನಿಂತರು. "ನಮ್ಮನೆ ಕಾಲ್ವೆ ಮೇಲೈತೆ ಅಂತ ನಾನೇ ಏಳ್ತಾ ಇವ್ನಿ. ಬರ್ಕೊಳಪ್ಪ."

ಗುಮಾಸ್ತರು ಪಾಪ, ಕೆಟ್ಟವರಲ್ಲ. ಕಪಾಟಿನಲ್ಲೆಲ್ಲ ಹುಡುಕಿದರು. "ತಾತ, ಆಕ್ಷೇಪಣೆ ಇದ್ರೆ ಫಾರಂ ಇದೆ. ಒಪ್ಪಿಕೊಳ್ಳೋದಕ್ಕೆ ಫಾರಂ ಇಲ್ಲ. ಗುರುವಾರ ಸಾಹೇಬ್ರು ಇರ್ತಾರೆ, ಬನ್ನಿ," ಎಂದರು.

ಮೂರು ಗುರುವಾರ ಹೋದೆವು. ನೀವು ಸಭೆಯಲ್ಲಿದ್ದಿರಿ, ಪರಿಶೀಲನೆಗೆ ಹೋಗಿದ್ದಿರಿ, ಮತ್ತೆ ಸಭೆಯಲ್ಲಿದ್ದಿರಿ. ಮನೆ ಉಳಿಸಿಕೊಡಿ ಎಂದು ನಿಮ್ಮ ಬಾಗಿಲಿಗೆ ಬಂದವರನ್ನು ನೀವು ಸಾವಿರಾರು ನೋಡಿರಬಹುದು. ನನ್ನ ಮನೆ ತಪ್ಪು ಜಾಗದಲ್ಲಿದೆ, ಒಡೆಯಿರಿ ಎಂದು ಬಂದ ಎಷ್ಟು ಮುದುಕರನ್ನು ನೋಡಿದ್ದೀರಿ? ನಾಲ್ಕನೆಯ ಗುರುವಾರ ತಾತ ಪಂಚೆ ಉಟ್ಟು ಸಿದ್ಧವಾಗಿ, ಚಪ್ಪಲಿ ಮೆಟ್ಟಿಕೊಳ್ಳುವಾಗ ಕುರ್ಚಿಯಲ್ಲಿ ಕೂತು, "ಇವತ್ತು ಬ್ಯಾಡ ಕಣವ್ವ," ಎಂದರು. ಮತ್ತೆಂದೂ ಹೊರಡಲಿಲ್ಲ. ಕಾಲುವೆಯ ವಿಷಯವನ್ನು ಈಗ ಅವರು ಎತ್ತುವುದೇ ಇಲ್ಲ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಎರಡು ಗಂಟೆ ಕಾಲ ಮಳೆ ಹೊಡೆಯಿತು. ಕ್ಲಬ್ ಹೌಸಿನ ನೆಲಮಾಳಿಗೆ ತುಂಬಿತು. ಅಲ್ಲಿಂದ ಕಾಂಪೌಂಡಿನ ಕೆಳಗೆ ನುಗ್ಗಿ ನಮ್ಮ ಹಿಂದಿನ ಎರಡು ಮನೆಗಳಿಗೆ ಮೊಣಕಾಲುದ್ದ ನೀರು ಬಂತು. ಬಾಡಿಗೆಯವರನ್ನು ಮೇಲಕ್ಕೆ ಹತ್ತಿಸಿದೆವು. ಮಾರಮ್ಮನ ಮನೆಯಿದ್ದ ಜಾಗದಲ್ಲಿ ಒಂದು ಬೊಗಸೆ ನೀರೂ ನಿಲ್ಲಲಿಲ್ಲ. ಒಡೆದ ಶೀಟಿನ ಚೂರುಗಳು ತೊಳೆದಂತೆ ಹೊಳೆಯುತ್ತಿದ್ದವು. ಅಪ್ಪ ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಿಂತು, ಬಹಳ ತಿಂಗಳ ನಂತರ ನನ್ನ ಮುಖ ನೋಡಿ ಮಾತಾಡಿದರು. "ನೀನು ಬರೆದಿದ್ದೇ ಸರಿ ಕಣಮ್ಮ."

ನಾನು ಓದಿದ್ದು ಸರಿ ಎಂದು ಅಪ್ಪ ಹೇಳಬೇಕೆಂದು ವರ್ಷಗಟ್ಟಲೆ ಕಾದಿದ್ದೆ. ಕೇಳಿದಾಗ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸರಿಯಾಗಿದ್ದರಿಂದ ಯಾರಿಗೆ ಏನು ಸಿಕ್ಕಿತು? ಮರುದಿನ ನಿಮ್ಮ ಕಚೇರಿಗೆ ಚಿತ್ರಗಳನ್ನು ಕಳಿಸಿದೆ. ಅಸಾಮಾನ್ಯ ಮಳೆಯಿಂದ ಆದ ತಾತ್ಕಾಲಿಕ ತೊಂದರೆ ಎಂದು ಉತ್ತರ ಬಂತು.

ಅದೇ ವಾರ ಅಪ್ಪ ಮುಂದಿನ ಭಾಗದ ಒಂದು ಮನೆ ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಮಾರಮ್ಮನನ್ನು ಕರೆದುಕೊಂಡು ಬಾ ಎಂದರು. ಅವರು ಈಗ ಕತ್ರಿಗುಪ್ಪೆಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಐದು ಜನರಿರುವ ಒಂದು ಕೋಣೆ ಮನೆ. ಹಾಸಿಗೆ ಬಿಚ್ಚಲು ಎಲ್ಲರ ಊಟ ಮುಗಿಯುವವರೆಗೂ ಕಾಯಬೇಕು. ಜಯನಗರದ ಹಳೆಯ ಗಿರಾಕಿಗಳು ತಪ್ಪಿಹೋದರು. ಒಂದು ಔಷಧಿ ಅಂಗಡಿಯ ಪಕ್ಕ ಗೋಣಿಚೀಲ ಹಾಸಿ ಸೊಪ್ಪು ಇಟ್ಟುಕೊಂಡು ಕೂರುತ್ತಾರೆ. ಹೋಗಿ ಪಕ್ಕದಲ್ಲಿ ಕೂತೆ. ಅಪ್ಪ ಹೇಳಿದ್ದನ್ನು ಹೇಳಿದೆ.

"ಬ್ಯಾಡ ಕಣವ್ವ. ಆ ಮನೇಲಿ ನಂಗೆ ಅನ್ನ ಇಳಿಯಾಕಿಲ್ಲ," ಎಂದರು.

"ಅತ್ತೆ, ನಾನು ಗೆರೆ ಬದಲಾಯಿಸ್ಲಿಲ್ಲ. ನನ್ನ ಆಣೆ."

ಅವರು ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತಾ ಇದ್ದರು. "ನಾನು ಕೇಳ್ಲಿಲ್ವಲ್ಲ ಮಗಾ. ಕೇಳಿದ್ರೆ ನೀನು ಇಲ್ಲ ಅಂತೀಯ. ಆಮೇಲೆ ನಾನು ನಂಬಬೇಕಾಯ್ತದೆ. ನಂಬಾಕೆ ಆಗಾಕಿಲ್ಲ. ಅದ್ಕೇ ಕೇಳಾಕಿಲ್ಲ." ನಾನು ಎದ್ದು ಹೊರಟಾಗ ಒಂದು ಕಟ್ಟು ಕೊತ್ತಂಬರಿಯನ್ನು ನನ್ನ ಚೀಲಕ್ಕೆ ಹಾಕಿದರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸದವರು ಅವರು. ಈಗ ಮನೆಯಿಲ್ಲದೆಯೂ ಕಳಿಸಲಾರರು.

ನಾನು ಈಗ ಏನು ಮಾಡುತ್ತಿದ್ದೇನೆಂದು ನೀವು ಕೇಳಲಿಲ್ಲ, ಆದರೂ ನಿಮ್ಮ ಉಪನ್ಯಾಸಕ್ಕೆ ಉಪಯೋಗವಾದೀತು. ಬಿ.ಟಿ.ಎಂ. ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ವ್ಯವಸ್ಥಾಪಕಿ. ಯಾವ ಬ್ಲಾಕಿಗೆ ಎಷ್ಟು ಗಂಟೆಗೆ ನೀರಿನ ಟ್ಯಾಂಕರ್ ಎಂದು ಪಟ್ಟಿ ಮಾಡುತ್ತೇನೆ. ತಾತನಿಗೆ ಹೇಳಿದಾಗ, "ಅಂಗಾರೆ ನೀನೂ ನೀರುಗಂಟಿನೇ ಆದೆ," ಎಂದು ನಕ್ಕರು. ಇದೂ ಜಲ ನಿರ್ವಹಣೆಯೇ ಅಲ್ಲವೇ? ಮುಂದಿನ ಸಲ ಪರದೆಯ ಮೇಲೆ ತೋರಿಸುವ ಉದ್ಯೋಗಗಳ ಪಟ್ಟಿಗೆ ಧಾರಾಳವಾಗಿ ಸೇರಿಸಿಕೊಳ್ಳಿ.

ಶನಿವಾರ ನಿಮ್ಮ ಸಭೆ ಮುಗಿದು ಮೆಟ್ಟಿಲಿಳಿಯುವಾಗ ಸುರಭಿ ಎಂಬ ವಿದ್ಯಾರ್ಥಿನಿ ನನ್ನನ್ನು ನಿಲ್ಲಿಸಿದಳು. ಕೊನೆಯ ವರ್ಷದಲ್ಲಿದ್ದಾಳೆ. ನಾನು ನಿಮ್ಮ ಕಚೇರಿಯಲ್ಲಿ ಕೆಲಸ ಮಾಡಿದವಳೆಂದು ಯಾರೋ ಹೇಳಿದ್ದರಂತೆ. "ಅಕ್ಕ, ಸರ್ ಹೇಳಿದ್ದು ಕೇಳಿ ಸಖತ್ ಇನ್‌ಸ್ಪೈರ್ ಆಯ್ತು. ಆ ಪೋಸ್ಟಿಗೆ ನಾನು ಅಪ್ಲೈ ಮಾಡ್ಲಾ?" ಎಂದು ಕೇಳಿದಳು. ಅವಳ ಶೂಗಳಿಗೆ ಕೆಂಪು ಮಣ್ಣು ಮೆತ್ತಿತ್ತು. ಬೆಳಿಗ್ಗೆ ಎಲ್ಲೋ ಅಳೆದು ಬಂದಿದ್ದಳೇನೋ. ಮಾಡು ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲು ಮನಸ್ಸು ಬರಲಿಲ್ಲ. ಬಸ್ಸು ಬಂತು ಎಂದು ಸುಳ್ಳು ಹೇಳಿ ನಡೆದುಬಿಟ್ಟೆ. ಕಾಲುವೆ ಕೆರೆಗಳನ್ನು ಉಳಿಸುವವರು ಬೇಕೆಂದು ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ, ಬೇಕು. ನಮ್ಮ ಮನೆ ಒಡೆಯಬೇಕಾದರೆ ಒಡೆಯಲೇಬೇಕು, ಅದನ್ನು ನಾನೇ ಬರೆದುಕೊಟ್ಟಿದ್ದೇನೆ. ಆದರೆ ಅಳೆದವರ ಗೆರೆಗೆ ಬೆಲೆಯಿಲ್ಲದೆ ಅವರ ಸಹಿಗೆ ಮಾತ್ರ ಬೆಲೆಯಿರುವ ಕಡೆ ಆ ಹುಡುಗಿಯನ್ನು ಯಾವ ಬಾಯಲ್ಲಿ ಕರೆಯುತ್ತೀರಿ?

ನನಗೆ ಕೆಲಸ ವಾಪಸ್ ಬೇಡ. ನನ್ನ ಮೂಲ ನಕ್ಷೆಯನ್ನು ಹುಡುಕಿಸಿ, ಅದರಂತೆ ಏನು ಒಡೆಯಬೇಕೋ ಒಡೆಯಿರಿ, ನಮ್ಮದನ್ನೂ ಸೇರಿಸಿ. ಮಾರಮ್ಮನಿಗೆ ಅದೇ ಜಾಗದಲ್ಲಿ ಮನೆ ಕಟ್ಟಿಸಿಕೊಡಿ. ಇವೆರಡಕ್ಕೂ ಸಭೆ, ಪರಿಶೀಲನೆ, ಮತ್ತೆ ಸಭೆ ಎಂದು ವರ್ಷಗಳೇ ಹಿಡಿಯಬಹುದೆಂದು ನನಗೆ ಗೊತ್ತು. ಅದಕ್ಕೂ ಮೊದಲು, ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. ಮಾರಮ್ಮನಿಗೆ ಒಂದು ಕಾಗದ ಬರೆಯಿರಿ. ಬಿಂದುಶ್ರೀ ಎಳೆದ ಗೆರೆ ನಿಮ್ಮ ಮನೆಯನ್ನು ಮುಟ್ಟಿರಲಿಲ್ಲ, ಬದಲಾಯಿಸಿದ್ದು ನಾವು ಎಂದು ಎರಡು ಸಾಲು ಸಾಕು. ಅವರಿಗೆ ಓದಲು ಬರುವುದಿಲ್ಲ, ಅಂಚೆಗೆ ಹಾಕಬೇಡಿ. ಕತ್ರಿಗುಪ್ಪೆಯ ಆ ಔಷಧಿ ಅಂಗಡಿಯ ಹತ್ತಿರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಇರುತ್ತಾರೆ. ನೀವೇ ಹೋಗಿ, ಪಕ್ಕದಲ್ಲಿ ಕೂತು, ಓದಿ ಹೇಳಿ. ನಾನು ಹೇಳಿದರೆ ಅವರು ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾರೆ. ಇಷ್ಟೆಲ್ಲ ಆದಮೇಲೂ ಸರ್ಕಾರದ ಮುದ್ರೆಯಿರುವ ಕಾಗದ ಸುಳ್ಳು ಹೇಳುವುದಿಲ್ಲವೆಂದೇ ಅವರು ತಿಳಿದಿದ್ದಾರೆ.

ಇಂತಿ,
ತನ್ನ ಸಹಿಯನ್ನು ವಾಪಸ್ ಕೇಳುತ್ತಿರುವ
ಬಿಂದುಶ್ರೀ ಕೆ., ಎಂ.ಎಸ್ಸಿ.
ನಿಮ್ಮ ಕಚೇರಿಯ ಮಾಜಿ ತಜ್ಞೆ, ಅರೆಕೆರೆ